ಹಂಗೇರಿಯ ಸಿಹಿ, ಮೊಳಕಾಲ್ಮೂರಿನ ಪರೀಕ್ಷೆ

ಮೊಳಕಾಲ್ಮೂರಿನಲ್ಲಿ ಹುಟ್ಟಿ ಚಳ್ಳಕೆರೆಗೆ ಸೊಸೆಯಾಗಿ ಬಂದ ನಮ್ಮ ದೊಡ್ಡಮ್ಮನವರು ರೇಷ್ಮೆಯ ಸೀರೆ ಕೊಳ್ಳುವ ಪರಿಯನ್ನು ಒಮ್ಮೆ ಕಂಡವರು ಮರೆಯಲಾರರು. ಅಂಗಡಿಯವನು ಸೆರಗನ್ನು ಹರಡಿ, ಬುಟ್ಟಾಗಳನ್ನು ತೋರಿಸಿ, ಜರಿಯನ್ನು ದೀಪದ ಕೆಳಗೆ ಹಿಡಿದು ಬಣ್ಣಿಸುತ್ತಿದ್ದರೆ ಆಕೆ ಅತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಸೀರೆಯನ್ನು ತಿರುವಿ ಹಾಕಿ ಅದರ ಹಿಂಬದಿಯನ್ನು ನೋಡುತ್ತಾರೆ. ಒಡಲೂ ಅಂಚೂ ಕೂಡಿದ ಕಡೆ ನೂಲು ಹೇಗೆ ಹೆಣೆದುಕೊಂಡಿದೆ ಎಂದು ಬೆರಳ ತುದಿಯಿಂದ ತಡವುತ್ತಾರೆ. ಅಂಗೈಯಲ್ಲಿ ತೂಕ ನೋಡುತ್ತಾರೆ. ಜರಿಯ ಒಂದೆಳೆಯನ್ನು ಉಗುರಿನಿಂದ ಕೆರೆದು ಒಳಗಿನ ಕೆಂಪು ರೇಷ್ಮೆ ಕಾಣುವುದೋ ಇಲ್ಲವೋ ಪರೀಕ್ಷಿಸುತ್ತಾರೆ. ಇನ್ನೂ ಸಂದೇಹವಿದ್ದರೆ ಅಂಚಿನ ಒಂದು ನೂಲನ್ನು ಸುಟ್ಟು ಮೂಸುವುದುಂಟು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಮಾತ್ರ ಬೆಲೆಯ ಮಾತು.

ಇಂಥವರ ಮನೆಗೆ ಕೆಲವು ವರ್ಷಗಳ ಹಿಂದೆ ಬುಡಾಪೆಸ್ಟಿನಿಂದ ಒಂದು ಸೀಸೆ ಬಂದಿತು. ತಂದವನು ಆ ಊರಿನಲ್ಲಿ ಕೆಲಸಕ್ಕಿರುವ ಆಕೆಯ ಮೊಮ್ಮಗ. ಹಂಗೇರಿ ದೇಶದ ತೊಕಾಯಿ ಎಂಬ ಸಿಹಿ ದ್ರಾಕ್ಷಾರಸವಿದು, ಊಟದ ಕೊನೆಗೆ ಪಾಯಸದ ಸ್ಥಾನದಲ್ಲಿ ಕುಡಿಯತಕ್ಕದ್ದು, ಚಕ್ರವರ್ತಿಗಳು ಇದಕ್ಕಾಗಿ ಹಾತೊರೆದಿದ್ದರು ಎಂದು ಅವನು ಅರ್ಧ ಗಂಟೆ ವರ್ಣಿಸಿದನು. ಮನೆಯಾದರೋ ಮದ್ಯದ ಸೋಂಕಿಲ್ಲದ ಮನೆ. ಸೀಮೆಯೂ ಅಂಥದೇ ಎನ್ನಬೇಕು. ಸುತ್ತಲಿನ ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿಯಂತೆ ಹೆಂಡವೂ ಪರಂಪರೆಯಿಂದ ನಿಷಿದ್ಧ. ಆದರೆ ದೊಡ್ಡಮ್ಮನ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆ ಎಂದೂ ಬರಿದಾದುದಿಲ್ಲ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕಿಯ ಹೂವನ್ನೂ ಹಾಕಿ ಹುಳಿಯಲು ಬಿಟ್ಟರೆ ಅದರಲ್ಲಿಯೂ ಮದ್ಯಸಾರ ತಾನಾಗಿ ಹುಟ್ಟುತ್ತದೆಂಬುದನ್ನು ಮೊಮ್ಮಗ ಎತ್ತಿ ಆಡಿದ ಮೇಲೆ, ಗಂಡಸರಿಗೆ ಔಷಧದ ಲೆಕ್ಕದಲ್ಲಿ ಒಂದೊಂದು ಚಮಚ ಕೊಡಲು ಅಪ್ಪಣೆಯಾಯಿತು.

ಚಮಚ ಬಾಯಿಗಿಟ್ಟವರೆಲ್ಲ ಮುಖ ಮುಖ ನೋಡಿಕೊಂಡೆವು. ಸುಟ್ಟ ಬಾದಾಮಿಯ ವಾಸನೆ, ನಾಲಗೆಯ ಮೇಲೆ ಹುಳಿ, ಕೊನೆಯಲ್ಲಿ ಒಗರು. ಸಿಹಿ ಲವಲೇಶವೂ ಇರಲಿಲ್ಲ.

"ಎಲ್ಲಿದೆಯೋ ಇದರಲ್ಲಿ ಸಿಹಿ? ಹಿಂದೆ ಮುಂದೆ ನೋಡಿ ತಂದೆಯೇನೋ?" ಎಂದರು ದೊಡ್ಡಮ್ಮ.

"ಸೀಸೆಗೆ ಹಿಂದೇನು, ಮುಂದೇನು, ಅಜ್ಜಿ?" ಎಂದನು ಅವನು.

ಹಿಂದೆಯೂ ಇದೆ, ಮುಂದೆಯೂ ಇದೆ. ಸೀಸೆಗೆ ಅಂಟಿಸಿದ ಚೀಟಿಯಲ್ಲಿ 'ಸಾರಜ್' ಎಂಬ ಸಣ್ಣ ಪದವೊಂದಿತ್ತು. ಹಂಗೇರಿಯ ಭಾಷೆಯಲ್ಲಿ ಅದರ ಅರ್ಥ 'ಒಣ', ಎಂದರೆ ಸಿಹಿಯಿಲ್ಲದ್ದು. ಅವನು ಕೊಳ್ಳಬೇಕಾಗಿದ್ದುದು 'ಏದೆಶ್' ಎಂದು ಬರೆದಿದ್ದ ಸೀಸೆಯನ್ನು. ತೊಕಾಯಿ ಎಂಬ ದೊಡ್ಡ ಹೆಸರನ್ನು ಕಂಡು ಮರುಳಾಗಿ, ಸಣ್ಣ ಪದವನ್ನು ಓದದೆ ಹಣ ಕೊಟ್ಟು ಬಂದಿದ್ದನು. ಅಂದಿನಿಂದ ಈ ವಿಷಯದ ಹಿಂದೆ ಬಿದ್ದ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ. ಇಂದು ವಿದೇಶದಲ್ಲಿ ಮಕ್ಕಳಿಲ್ಲದ ಮನೆ ವಿರಳ. ಕುಡಿಯದವರಿಗೂ ಇಂಥ ಸೀಸೆಯೊಂದು ಕಾಣಿಕೆಯಾಗಿ ಬರುವ ಕಾಲವಿದು.

ತೊಕಾಯ್ ಎಂಬುದು ಊರು. ಬನಾರಸಿನದು ಬನಾರಸಿಯಾದಂತೆ ತೊಕಾಯ್ ಊರಿನದು ತೊಕಾಯಿ. ಹಂಗೇರಿಯ ಈಶಾನ್ಯದಲ್ಲಿ ಬೊದ್ರೋಗ್ ಮತ್ತು ತಿಸಾ ನದಿಗಳು ಕೂಡುವ ಸ್ಥಳದಲ್ಲಿ ಈ ಊರಿದೆ. ಅದೂ ಸುತ್ತಣ ಊರುಗಳೂ ಸೇರಿ ಇಪ್ಪತ್ತೇಳು. ಶರತ್ಕಾಲದ ಬೆಳಗಿನಲ್ಲಿ ನದಿಗಳಿಂದ ಮಂಜೆದ್ದು ಬೆಟ್ಟದ ಇಳಿಜಾರಿನ ದ್ರಾಕ್ಷಿತೋಟಗಳನ್ನು ಮುಸುಕುತ್ತದೆ. ಮಧ್ಯಾಹ್ನಕ್ಕೆ ಬಿಸಿಲು ಬಂದು ಅದನ್ನು ಒಣಗಿಸುತ್ತದೆ. ಈ ತೇವ ಮತ್ತು ಒಣಹವೆಗಳ ಸರದಿಯಲ್ಲಿ, ಮಾಗಿದ ಹಣ್ಣಿಗೆ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಬೂಷ್ಟು ಎಂದೊಡನೆ ಚಳ್ಳಕೆರೆಯ ಶೇಂಗಾ ಬೆಳೆಗಾರನ ಎದೆ ನಡುಗುವುದು ಸಹಜ. ಶೇಂಗಾಕ್ಕೆ ಹಿಡಿದ ಬೂಷ್ಟು ಕಾಳನ್ನು ವಿಷವನ್ನಾಗಿ ಮಾಡಬಲ್ಲದು. ತೊಕಾಯ್‌ನಲ್ಲಾದರೋ ರೈತರು ಅದರ ದಾರಿ ಕಾಯುತ್ತಾರೆ. ಬೂಷ್ಟು ಹಣ್ಣಿನ ಸಿಪ್ಪೆಯನ್ನು ತೂತು ಮಾಡುತ್ತದೆ, ಒಳಗಿನ ನೀರು ಆರಿಹೋಗುತ್ತದೆ, ಸಕ್ಕರೆಯೂ ಹುಳಿಯೂ ಗಟ್ಟಿಯಾಗಿ ಉಳಿಯುತ್ತವೆ. ಮಳೆ ಹಿಡಿದುಕೊಂಡಿತೋ, ಅದೇ ಬೂಷ್ಟು ತೋಟವನ್ನೆಲ್ಲ ಕೊಳೆಸಿಬಿಡುತ್ತದೆ. ಕೆಲವು ವರ್ಷ ಉತ್ತಮ ತೊಕಾಯಿ ತಯಾರಾಗುವುದೇ ಇಲ್ಲ. ಮಳೆಯನ್ನು ನಂಬಿದ ಬದುಕು ಏನೆಂಬುದನ್ನು ಚಳ್ಳಕೆರೆಯವರಿಗೆ ಬೇರೆ ಹೇಳಬೇಕಾಗಿಲ್ಲ, ಆದರೆ ಅವರು ಮಳೆ ಬರಲೆಂದು ಕಾಯುತ್ತಾರೆ, ಇವರು ಬಾರದಿರಲೆಂದು.

ಹೀಗೆ ಸುಕ್ಕಿದ ಹಣ್ಣಿಗೆ 'ಅಸೂ' ಎಂದು ಹೆಸರು. ಗೊಂಚಲನ್ನು ಕತ್ತರಿಸಿದರೆ ಕೆಲಸ ನಡೆಯದು. ಗೊಂಚಲಿನಲ್ಲಿ ಯಾವ ಹಣ್ಣು ಸುಕ್ಕಿದೆಯೋ ಅದನ್ನಷ್ಟೇ ಒಂದೊಂದಾಗಿ ಕೈಯಿಂದ ಆರಿಸಬೇಕು, ಅದೇ ತೋಟಕ್ಕೆ ಮತ್ತೆ ಮತ್ತೆ ಹೋಗಬೇಕು. ಆರಿಸಿದ ಹಣ್ಣನ್ನು ಅರೆದು, ಹೊಸ ದ್ರಾಕ್ಷಾರಸದಲ್ಲಿ ಒಂದೆರಡು ದಿನ ನೆನೆಹಾಕಿ, ಹಿಂಡಿ, ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಅಲ್ಲಿ ಅದು ಕನಿಷ್ಠ ಹದಿನೆಂಟು ತಿಂಗಳು ಮಾಗಬೇಕು. ನೆಲಮಾಳಿಗೆಗಳ ಗೋಡೆಗಳ ಮೇಲೂ ಬೂಷ್ಟೇ. ಕಪ್ಪು ಕಂಬಳಿ ಹೊದಿಸಿದಂತೆ ಬೆಳೆದಿರುವ ಅದನ್ನು ಯಾರೂ ಕೆರೆದು ತೆಗೆಯುವುದಿಲ್ಲ.

ಆರಿಸಿದ ಹಣ್ಣನ್ನು ಬೆನ್ನಿಗೆ ಹೊತ್ತು ತರುತ್ತಿದ್ದ ಪಾತ್ರೆ 'ಪುತ್ತೊನ್ಯ್'. ಅದರಲ್ಲಿ ಸುಮಾರು 25 ಕಿಲೋ ಹಣ್ಣು ಹಿಡಿಯುತ್ತಿತ್ತು. 136 ಲೀಟರಿನ ಒಂದು ಪೀಪಾಯಿಗೆ ಇಂಥ ಎಷ್ಟು ಪಾತ್ರೆ ಹಣ್ಣು ಸುರಿದರೋ ಅಷ್ಟು ಪುತ್ತೊನ್ಯೊಶ್ ಎಂದು ಚೀಟಿಯಲ್ಲಿ ಬರೆಯುವ ಪದ್ಧತಿ ಬಂದಿತು: ಮೂರು, ನಾಲ್ಕು, ಐದು, ಆರು. ಅಂಕಿ ಹೆಚ್ಚಿದಷ್ಟೂ ಸಿಹಿಯೂ ಬೆಲೆಯೂ ಹೆಚ್ಚು. ಇಂದು ಪಾತ್ರೆ ಎಣಿಸುವವರಿಲ್ಲ, ಸಕ್ಕರೆಯನ್ನು ಅಳೆಯುತ್ತಾರೆ. 2013ರ ನಿಯಮದಂತೆ ಅಸೂ ಎಂದು ಕರೆಯಿಸಿಕೊಳ್ಳಬೇಕಾದರೆ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು, ಅದು ಐದು ಪುತ್ತೊನ್ಯೊಶ್. 150 ಗ್ರಾಮಾದರೆ ಆರು. ಮೂರು ನಾಲ್ಕರ ಅಂಕಿಗಳು ಹಳೆಯ ಸೀಸೆಗಳ ಮೇಲೆ ಮಾತ್ರ ಕಾಣುತ್ತವೆ.

ಇದನ್ನು ಮೊದಲು ಮಾಡಿದವರಾರು? 1630ರ ಸುಮಾರಿಗೆ ಸೆಪ್ಶಿ ಲಾಟ್ಸ್ಕೊ ಮಾಟೆ ಎಂಬ ಪಾದ್ರಿ, ಶತ್ರುಗಳ ದಾಳಿಯ ಭಯದಿಂದ ಕೊಯ್ಲನ್ನು ಮುಂದೂಡಿದಾಗ ಹಣ್ಣು ಸುಕ್ಕಿ ಈ ಅದ್ಭುತ ಸಂಭವಿಸಿತೆಂದು ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ 1571ರ ಒಂದು ದಾಖಲೆಯಲ್ಲಿಯೇ ಅಸೂವಿನ ಹೆಸರಿರುವುದರಿಂದ ಅದನ್ನು ಕಥೆಯೆಂದೇ ಕೇಳಬೇಕು. ಮದ್ಯಗಳಲ್ಲಿ ಇದೇ ರಾಜ ಎಂಬ ಹೊಗಳಿಕೆಯನ್ನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಬಾಯಲ್ಲಿ ಹಾಕುತ್ತಾರೆ. ರಷ್ಯದ ಅರಮನೆಯಂತೂ ತನಗೆ ಬೇಕಾದುದನ್ನು ಕೊಂಡು ಕಳುಹಿಸಲು 1733ರಿಂದ 1798ರವರೆಗೆ ತೊಕಾಯ್ ಊರಿನಲ್ಲಿಯೇ ಒಂದು ಕಚೇರಿಯನ್ನು ಇಟ್ಟಿತ್ತು. ಹಂಗೇರಿಯ ರಾಷ್ಟ್ರಗೀತೆಯಲ್ಲಿಯೂ ತೊಕಾಯ್ ಬಳ್ಳಿಗಳ ಹೆಸರು ಬರುತ್ತದೆ.

ಹೆಸರು ದೊಡ್ಡದಾದಲ್ಲಿ ಕಳ್ಳ ಹೆಸರೂ ಹುಟ್ಟುತ್ತದೆ. ಯಾವ ಊರುಗಳ ದ್ರಾಕ್ಷಿಗೆ ಈ ಹೆಸರು ಸಲ್ಲುತ್ತದೆಂಬ ಎಲ್ಲೆಯನ್ನು 1737ರಲ್ಲಿಯೇ ರಾಜಾಜ್ಞೆಯಿಂದ ಗೊತ್ತುಪಡಿಸಿದರು. ಆದರೂ ಇಟಲಿಯ ಫ್ರಿಯೂಲಿಯಲ್ಲಿಯೂ ಫ್ರಾನ್ಸಿನ ಅಲ್ಸಾಸಿನಲ್ಲಿಯೂ ಅದನ್ನು ಹೋಲುವ ಹೆಸರಿನಿಂದ ಬೇರೆಯೇ ದ್ರಾಕ್ಷಾರಸಗಳು ಮಾರಾಟವಾಗುತ್ತಿದ್ದವು. ದೀರ್ಘ ವ್ಯಾಜ್ಯದ ಬಳಿಕ 2007ರಲ್ಲಿ ಅವು ಆ ಹೆಸರನ್ನು ಬಿಟ್ಟುಕೊಟ್ಟವು. ಸ್ಲೊವಾಕಿಯದ ಮಾತು ಬೇರೆ. ಮೊದಲ ಮಹಾಯುದ್ಧದ ನಂತರ 1920ರಲ್ಲಿ ಗಡಿ ಎಳೆದಾಗ ಈ ಸೀಮೆಯ ಒಂದು ತುಣುಕು ಅತ್ತ ಸೇರಿಹೋಯಿತು. ಆಂಧ್ರದ ರಾಯದುರ್ಗವನ್ನು ಮಗ್ಗುಲಲ್ಲಿಟ್ಟುಕೊಂಡಿರುವ ಮೊಳಕಾಲ್ಮೂರಿನವರಿಗೆ ಇದು ಸುಲಭವಾಗಿ ಅರ್ಥವಾದೀತು.

ಹೊರಗಿನವರ ಕಳ್ಳತನಕ್ಕಿಂತ ಒಳಗಿನ ಅಸಡ್ಡೆಯೇ ತೊಕಾಯಿಗೆ ಹೆಚ್ಚು ಪೆಟ್ಟು ಕೊಟ್ಟಿತೆಂದು ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧದ ನಂತರ ತೋಟಗಳು ಸರ್ಕಾರದ ವಶವಾದವು. ಸರಕಿನ ಬಹುಭಾಗ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿದ್ದುದರಿಂದ ಎಷ್ಟು ಎಂಬುದೇ ಮುಖ್ಯವಾಗಿ, ಎಂಥದು ಎಂಬುದನ್ನು ಕೇಳುವವರಿಲ್ಲವಾಯಿತು. 1990ರ ಬಳಿಕ ಖಾಸಗಿ ಬೆಳೆಗಾರರೂ ಹೊರದೇಶದ ಬಂಡವಾಳವೂ ಬಂದು ಹಳೆಯ ಶ್ರದ್ಧೆ ಮರಳಿತು. 2002ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮೊಳಕಾಲ್ಮೂರು ಸೀರೆಗೂ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ಗುರುತು ದೊರೆತ ಮಾತ್ರಕ್ಕೆ ಯಂತ್ರದ ಮಗ್ಗದ ಅಗ್ಗದ ನಕಲು ನಿಲ್ಲುವುದಿಲ್ಲ. ಕೊಳ್ಳುವವರು ತಿರುವಿ ನೋಡದಿದ್ದರೆ ಕೈಮಗ್ಗದವನಿಗೆ ಆ ಕಾಗದದಿಂದ ಏನೂ ಒದಗದು.

ಇನ್ನು ಕೊಳ್ಳುವ ವಿಚಾರ. ಚೀಟಿಯಲ್ಲಿ ತೊಕಾಯಿ ಎಂದಿದ್ದರೆ ಸಾಲದು; ಅದರ ಪಕ್ಕದ ಪದವೇ ಮುಖ್ಯ. ಬರಿಯ 'ಫುರ್ಮಿಂಟ್' ಎಂದಿದ್ದರೆ ಅದು ದ್ರಾಕ್ಷಿಯ ತಳಿಯ ಹೆಸರು. ಸೀಸೆಯಲ್ಲಿರುವುದು ಬಹುಶಃ ಸಿಹಿಯಿಲ್ಲದ್ದೇ. 'ಸಮೊರೊದ್ನಿ' ಎಂದರೆ ಒಣಗಿದ ಹಣ್ಣನ್ನೂ ಒಣಗದ ಹಣ್ಣನ್ನೂ ಬೇರ್ಪಡಿಸದೆ ಗೊಂಚಲು ಗೊಂಚಲಾಗಿ ಹಿಂಡಿದ್ದು. ಇದರಲ್ಲಿ ಸಾರಜ್, ಏದೆಶ್ ಎಂಬ ಎರಡು ಬಗೆ. ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. ತಡವಾದ ಕೊಯ್ಲಿನದು ಎಂದು ಬರೆದ ಸೀಸೆ ಸಿಹಿಯೂ ಹೌದು, ಅಗ್ಗವೂ ಹೌದು; ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ಅಸೂ ಬೇಕಾದವರು ಐದು ಅಥವಾ ಆರರ ಅಂಕಿಯನ್ನೂ, ಕೊಯ್ಲಿನ ವರ್ಷವನ್ನೂ, ತಯಾರಿಸಿದವರ ಹೆಸರನ್ನೂ ನೋಡಿಕೊಳ್ಳಬೇಕು. ಅಸೂವಿನ ಸೀಸೆ ಸಾಮಾನ್ಯವಾಗಿ ಅರ್ಧ ಲೀಟರಿನದು. ಎಲ್ಲಕ್ಕಿಂತ ಮೇಲಿನದು ಎಸೆಂಸಿಯಾ: ಅಸೂ ಹಣ್ಣಿನ ರಾಶಿಯಿಂದ ಹಿಂಡದೆಯೇ ತಾನಾಗಿ ತೊಟ್ಟಿಕ್ಕಿದ ರಸ. ಲೀಟರಿಗೆ 450 ಗ್ರಾಮಿಗೆ ಕಡಮೆಯಿಲ್ಲದ ಸಕ್ಕರೆಯಿರುವ ಅದು ಹುಳಿಯುವುದಕ್ಕೇ ವರ್ಷಗಳು ಹಿಡಿಯುತ್ತವೆ. ಅದನ್ನು ಲೋಟದಲ್ಲಿ ಕುಡಿಯುವುದಿಲ್ಲ, ಚಮಚದಲ್ಲಿ ನೆಕ್ಕುತ್ತಾರೆ. ಬೆಲೆ ಕೇಳದಿರುವುದೇ ಲೇಸು.

ನಮ್ಮ ದೇಶದಲ್ಲಿ ಇದನ್ನು ಹುಡುಕಹೊರಟರೆ ಆಮದು ಸುಂಕವೂ ರಾಜ್ಯದ ಅಬಕಾರಿ ತೆರಿಗೆಯೂ ಸೇರಿ ಬೆಲೆ ಆಕಾಶಕ್ಕೇರಿರುತ್ತದೆ. ದೊರೆಯುವುದೂ ದೊಡ್ಡ ನಗರಗಳ ಕೆಲವೇ ಅಂಗಡಿಗಳಲ್ಲಿ. ವಿದೇಶದಿಂದ ಬರುವ ವಯಸ್ಕರು ಎರಡು ಲೀಟರಿನವರೆಗೆ ಸುಂಕವಿಲ್ಲದೆ ತರಬಹುದು, ಎಂದರೆ ಇಂಥ ನಾಲ್ಕು ಸೀಸೆ. ಪೇಟೆಯಲ್ಲಿ ಕೊಂಡುದನ್ನು ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಬಟ್ಟೆಯಲ್ಲಿ ದಪ್ಪವಾಗಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಸಿಹಿ ಕೆಂಪು ದ್ರಾಕ್ಷಾರಸಗಳನ್ನು, 'ಪೋರ್ಟ್' ಎಂಬ ಹೆಸರು ಹೊತ್ತವನ್ನೂ ಸೇರಿಸಿ, ಇದರ ಬದಲಿಗೆ ಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ತನ್ನದೇ ಮರ್ಯಾದೆಯಿದೆ, 2013ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಬಂದಿದೆ. ಆದರೆ ಅದರ ಸಿಹಿಯ ಜಾತಿಯೇ ಬೇರೆ.

ಒಳ್ಳೆಯ ತೊಕಾಯಿಯನ್ನು ಗುರುತಿಸುವುದು ಸಿಹಿಯಿಂದಲ್ಲ, ಹುಳಿಯಿಂದ. ರಾಮನವಮಿಯ ಪಾನಕವನ್ನು ನೆನೆಸಿಕೊಳ್ಳಿ. ನಿಂಬೆ ಹಿಂಡದ ಪಾನಕ ಬರಿಯ ಬೆಲ್ಲದ ನೀರು, ಎರಡು ಗುಟುಕಿಗೆ ಸಾಕೆನಿಸುತ್ತದೆ. ಹದವಾಗಿ ಹಿಂಡಿದುದು ಇನ್ನೊಂದು ಲೋಟ ಬೇಡುತ್ತದೆ. ಅಸೂವಿನಲ್ಲಿ ಜೇನು, ಒಣಗಿದ ಜರ್ದಾಳು, ಕಿತ್ತಳೆಯ ಸಿಪ್ಪೆ ಇವುಗಳ ಪರಿಮಳದ ಹಿಂದೆಯೇ ಹುಳಿ ಬಂದು ನಾಲಗೆಯನ್ನು ತೊಳೆದುಬಿಡಬೇಕು. ಹತ್ತು ಹನ್ನೆರಡು ಡಿಗ್ರಿಗೆ ತಂಪು ಮಾಡಿ ಚಿಕ್ಕ ಲೋಟದಲ್ಲಿ ಕೊಡುವುದು ವಾಡಿಕೆ. ಹೋಳಿಗೆಯೊಂದಿಗೆ ಬಡಿಸಿದರೆ ಕೆಡುತ್ತದೆ. ತನಗಿಂತ ಸಿಹಿಯಾದುದರ ಪಕ್ಕದಲ್ಲಿ ಅದು ಬರಿಯ ಹುಳಿಯಾಗಿ ತೋರುತ್ತದೆ. ಯುರೋಪಿನವರು ಉಪ್ಪಾದ ನೀಲಿ ಚೀಸಿನೊಂದಿಗೆ ಸೇವಿಸುತ್ತಾರೆ. ಚಳ್ಳಕೆರೆಯ ಉಪ್ಪು ಶೇಂಗಾ ಅದಕ್ಕಿಂತ ಕಡಮೆಯೇನಿಲ್ಲವೆಂಬುದು ನನ್ನ ಸ್ವಂತ ಸಂಶೋಧನೆ. ತೆರೆದ ಸೀಸೆಯನ್ನು ಬಿರಡೆ ಹಾಕಿ ತಂಗಳುಪೆಟ್ಟಿಗೆಯಲ್ಲಿಟ್ಟರೆ ಕೆಲವು ವಾರ ಕೆಡದು. ಅರ್ಧ ಲೀಟರಿನ ಅಸೂವಿನಲ್ಲಿ ಕನಿಷ್ಠ 60 ಗ್ರಾಂ ಸಕ್ಕರೆಯಿರುವುದನ್ನು ಸಿಹಿಮೂತ್ರದವರು ಮರೆಯಬಾರದು. ಔಷಧವೆಂಬ ನೆಪ ನಮ್ಮ ಮನೆಯಲ್ಲಿ ನಡೆದಂತೆ ವೈದ್ಯರ ಮುಂದೆ ನಡೆಯಲಾರದು.

ಹುಡುಗ ಮರುಸಲ ಬರುವಾಗ ಐದು ಪುತ್ತೊನ್ಯೊಶ್‌ನ ಸೀಸೆ ತಂದನು. ಅಂಗಡಿಯಲ್ಲಿ ನಿಂತು ಚೀಟಿಯ ಒಂದೊಂದು ಪದವನ್ನೂ ಫೋನಿನಲ್ಲಿ ಓದಿ, ಅರ್ಥ ಹೇಳಿ, ಅಜ್ಜಿಯ ಒಪ್ಪಿಗೆ ಪಡೆದೇ ಹಣ ಕೊಟ್ಟನಂತೆ. ದೊಡ್ಡಮ್ಮ ಕುಡಿಯಲಿಲ್ಲ. ಬಿರಡೆ ತೆಗೆಸಿ ಮೂಸಿದರು. ಬಹಳ ಹೊತ್ತು ಮೂಸಿದರು. ಆಮೇಲೆ ಬೆಲೆ ಎಷ್ಟೆಂದು ಕೇಳಿ, ರೂಪಾಯಿಯ ಲೆಕ್ಕದಲ್ಲಿ ಹೇಳಿದಾಗ, "ಒಂದೊಂದೇ ಹಣ್ಣು ಆರಿಸುತ್ತಾರಂತಲ್ಲ, ಅವರಿಗೆ ಇದರಲ್ಲಿ ಎಷ್ಟು ಸೇರುತ್ತದೋ?" ಎಂದರು. ಮೊಮ್ಮಗನಿಗೆ ಗೊತ್ತಿರಲಿಲ್ಲ. ಕೇಳಿ ತಿಳಿಸುವೆನೆಂದು ಹೇಳಿ ಹೋಗಿದ್ದಾನೆ. ಬರಿದಾದ ಸೀಸೆಯಲ್ಲಿ ಈಗ ಹರಳೆಣ್ಣೆಯಿದೆ. ಚೀಟಿಯನ್ನು ಮಾತ್ರ ದೊಡ್ಡಮ್ಮ ಕೀಳಗೊಟ್ಟಿಲ್ಲ.