ಹಿಮಾಲಯ ಚಾರಣ: ದರಪತ್ರಕ್ಕೂ ಮೊದಲು ಪರವಾನಗಿ

ಕಚ್ಚಾಮಾಲು ಕೊಳ್ಳುವಾಗ ಸರಬರಾಜುದಾರರ ನೋಂದಣಿ, ಮಾಲಿನ ಗುಣಮಟ್ಟ, ತಡವಾದರೆ ಹೊಣೆ ಯಾರದು ಎಂಬುದನ್ನೆಲ್ಲ ವಿಚಾರಿಸುವ ವರ್ತಕ ಬಾಂಧವರು, ತಮ್ಮ ವಿತರಕರನ್ನೋ ಸಿಬ್ಬಂದಿಯನ್ನೋ ಪರ್ವತ ಚಾರಣಕ್ಕೆ ಕಳುಹಿಸುವಾಗ ಕೇವಲ ದರ ನೋಡಿ ತೀರ್ಮಾನಿಸುವುದುಂಟು. ಇಲ್ಲಿ ಆಗಬಹುದಾದ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಸರಿದೂಗಿಸಲಾಗದು.

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಪ್ರಭಾವದಿಂದ ಎರಡು ದಿನಗಳ ತರುವಾಯ ನೇಪಾಳದಲ್ಲಿ ಭಾರಿ ಹಿಮಪಾತವಾಯಿತು. ಅನ್ನಪೂರ್ಣ ಸೀಮೆಯಲ್ಲಿ 5,416 ಮೀಟರ್ ಎತ್ತರದಲ್ಲಿರುವ ಥೊರಾಂಗ್ ಲಾ ಕಣಿವೆಹಾದಿ ಹಾಗೂ ಅದರ ಆಸುಪಾಸಿನಲ್ಲಿ 40ಕ್ಕೂ ಹೆಚ್ಚು ಮಂದಿ ಮಡಿದರು. ಮೃತರಲ್ಲಿ ಚಾರಣಿಗರಷ್ಟೇ ಅಲ್ಲದೆ ಮಾರ್ಗದರ್ಶಿಗಳೂ ಇದ್ದರು.

ಕಾಗದಪತ್ರಗಳ ಪರಿಶೀಲನೆ

ವಿದೇಶಿ ಚಾರಣಿಗರು ನೋಂದಾಯಿತ ಸಂಸ್ಥೆಯ ಮೂಲಕ ಪರವಾನಗಿ ಪಡೆದ ಮಾರ್ಗದರ್ಶಿಯೊಡನೆ ಮಾತ್ರ ತೆರಳಬೇಕೆಂದು ನೇಪಾಳ ಪ್ರವಾಸೋದ್ಯಮ ಮಂಡಳಿಯು 2023ರ ಏಪ್ರಿಲ್ 1ರಿಂದ ನಿಯಮ ಮಾಡಿತು. ಆದರೆ ಎವರೆಸ್ಟ್ ಸೀಮೆಯ ಸ್ಥಳೀಯ ಆಡಳಿತವು ಇದನ್ನು ಅನುಸರಿಸಲಿಲ್ಲ. ಆದ್ದರಿಂದ ನಿಯಮವಿದೆಯೆಂದು ನಿಶ್ಚಿಂತರಾಗದೆ ನಾವೇ ಪರಿಶೀಲಿಸುವುದು ಲೇಸು. ಸಂಸ್ಥೆಯ ನೋಂದಣಿ ಪತ್ರ, ಪ್ರವಾಸೋದ್ಯಮ ಇಲಾಖೆಯ ಪರವಾನಗಿ, ತೆರಿಗೆ ನೋಂದಣಿ ಹಾಗೂ ಜೊತೆಗೆ ಬರುವ ಮಾರ್ಗದರ್ಶಿಯ ಪರವಾನಗಿ, ಈ ನಾಲ್ಕರ ಪ್ರತಿಗಳನ್ನು ಕೇಳಿ ಪಡೆಯಬೇಕು. ಇಲ್ಲಿನ ಏಜೆಂಟರು ಗಿರಾಕಿಗಳನ್ನು ನೇಪಾಳದ ಮತ್ತೊಂದು ಸಂಸ್ಥೆಗೆ ವಹಿಸಿಕೊಡುವುದಾದರೆ, ಆ ಸಂಸ್ಥೆಯ ಹೆಸರೂ ಹೊಣೆಗಾರಿಕೆಯೂ ಒಪ್ಪಂದಪತ್ರದಲ್ಲಿ ನಮೂದಾಗಿರಲಿ.

ಅಗ್ಗದ ದರದ ಒಳಗುಟ್ಟು

ಎರಡು ದರಪತ್ರಗಳ ನಡುವೆ ಹೆಚ್ಚಿನ ಅಂತರವಿದ್ದರೆ ಕಡಿತ ಎಲ್ಲಾಗಿದೆಯೆಂದು ಹುಡುಕಬೇಕು. ಬಹುಮಟ್ಟಿಗೆ ಅದು ದಿನಗಳಲ್ಲಿ ಆಗಿರುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ವಿಶ್ರಾಂತಿಯ ದಿನವನ್ನು ಕೈಬಿಟ್ಟರೆ ಊಟ, ವಸತಿ, ಕೂಲಿಯ ಖರ್ಚು ಉಳಿಯುತ್ತದೆ. ಗಿರಾಕಿಯ ಶ್ವಾಸಕೋಶ ಅದರ ಬೆಲೆ ತೆರುತ್ತದೆ. ಹೊರೆಯಾಳುಗಳ ವಿಮೆ ಮತ್ತು ಬೆಚ್ಚನೆಯ ಉಡುಪು ದರದಲ್ಲಿ ಸೇರಿವೆಯೇ ಎಂದೂ ಕೇಳಬೇಕು. ತನ್ನ ಆಳುಗಳ ಯೋಗಕ್ಷೇಮದಲ್ಲಿ ಕಡಿತ ಮಾಡುವ ಸಂಸ್ಥೆ ಗಿರಾಕಿಯ ವಿಷಯದಲ್ಲಿ ಧಾರಾಳವಾಗಿರುವುದೆಂದು ನಂಬುವುದು ಕಷ್ಟ.

ವಿಮೆ ಮತ್ತು ಪಾವತಿ

ಅನೇಕ ಪ್ರವಾಸ ವಿಮೆಗಳಲ್ಲಿ ಎತ್ತರದ ಮಿತಿ ಇರುತ್ತದೆ. ಮಾರ್ಗದ ಅತ್ಯುನ್ನತ ಬಿಂದುವಿಗೂ ಹೆಲಿಕಾಪ್ಟರ್ ರಕ್ಷಣೆಗೂ ವಿಮೆ ಅನ್ವಯಿಸುವುದೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಅನಗತ್ಯವಾಗಿ ಹೆಲಿಕಾಪ್ಟರ್ ಕರೆಸಿ ವಿಮಾ ಹಣ ಪಡೆಯುವ ಜಾಲವನ್ನು ನೇಪಾಳ ಸರ್ಕಾರದ ತನಿಖೆಯೇ 2018ರಲ್ಲಿ ಬಯಲಿಗೆಳೆಯಿತು. ರಕ್ಷಣೆಯ ನಿರ್ಧಾರ ಯಾರದು, ವಿಮಾ ಸಂಸ್ಥೆಗೆ ತಿಳಿಸುವವರು ಯಾರು ಎಂಬುದೂ ಮೊದಲೇ ಇತ್ಯರ್ಥವಾಗಿರಬೇಕು.

ಮುಂಗಡಕ್ಕೆ ರಸೀದಿ ಪಡೆದು, ಉಳಿದ ಹಣವನ್ನು ಪರವಾನಗಿಗಳನ್ನು ಕಣ್ಣಾರೆ ಕಂಡ ಮೇಲೆ ಪಾವತಿಸುವುದು ಒಳಿತು. ಕಡೆಯದಾಗಿ ಒಂದು ಪ್ರಶ್ನೆ ಕೇಳಿ: ‘ಹವೆ ಕೆಟ್ಟರೆ ತಂಡವನ್ನು ಹಿಂದಕ್ಕೆ ಕರೆತರುವ ಅಧಿಕಾರ ನಿಮ್ಮ ಮಾರ್ಗದರ್ಶಿಗೆ ಇದೆಯೇ?’ ಇದಕ್ಕೆ ತಡವರಿಸದೆ ಹೌದೆನ್ನುವ ಸಂಸ್ಥೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.