ಮೇಣ ಹೋಗಿ ಹಿತ್ತಾಳೆ ಬಂತು

ಸಂಘದ ಅಕ್ಕತಂಗಿಯರೇ, ಆಟದ ತೇರಿನ ಪುಟ್ಟ ಗಾಲಿ ಹಿತ್ತಾಳೆಯಲ್ಲಿ ಅಷ್ಟು ನಾಜೂಕಾಗಿ ಹೇಗೆ ಮೂಡುತ್ತೆ ಗೊತ್ತಾ? ಮೊದಲು ಜೇನುಮೇಣಕ್ಕೆ ರಾಳ ಬೆರೆಸಿ ಗಾಲಿ ಮಾಡ್ತಾರೆ. ಅದಕ್ಕೆ ಜರಡಿ ಹಿಡಿದ ನುಣುಪು ಮಣ್ಣು ಬಳಿದು, ನೆರಳಲ್ಲಿ ಒಣಗಿಸಿ, ಮೇಲೆ ಒರಟು ಮಣ್ಣು ಮೆತ್ತುತ್ತಾರೆ. ಕಾಯಿಸಿದರೆ ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಆ ಟೊಳ್ಳಿಗೆ ಹಿತ್ತಾಳೆ ಹೊಯ್ಯುವುದು. ನಾಗಮಂಗಲದ ವಿಗ್ರಹದ ಎರಕವೂ ಹೀಗೇ.

ನಂಗಲಿ ಕಡೆ ಯಾವುದಾದರೂ ಸಂಘ ಈ ಕಸುಬಿಗೆ ಸಾಲ ಎತ್ತುವ ಮೊದಲು ಲೆಕ್ಕ ಹಾಕಲಿ: 10 ಗ್ರಾಂ ಮೇಣದ ಜಾಗಕ್ಕೆ ಸುಮಾರು 90 ಗ್ರಾಂ ಹಿತ್ತಾಳೆ ಬೇಕು. ಅಚ್ಚನ್ನು ಪ್ರತಿ ಸಲ ಒಡೆಯಲೇಬೇಕು, ಮುಂದಿನದಕ್ಕೆ ಹೊಸ ಅಚ್ಚು. ಮೇಣದ ಕೆಲಸ, ಮಣ್ಣಿನ ಕೆಲಸ ನಮ್ಮ ಕೈಗೆ ಚೆನ್ನಾಗಿ ಒಗ್ಗುತ್ತೆ. ಎರಕ ಹೊಯ್ಯುವುದು ಮಾತ್ರ ಪಳಗಿದವರಿಗೇ ಇರಲಿ. ಅಚ್ಚಿನಲ್ಲಿ ತೇವ ಉಳಿದಿದ್ದರೆ ನೀರು ಒಮ್ಮೆಲೇ ಆವಿಯಾಗಿ, ಕಾದ ಲೋಹ ಮುಖಕ್ಕೇ ಸಿಡಿಯುತ್ತದೆ.