ಕಚೇರಿ ಹತ್ತಿರವಾಯಿತು, ನೀರು?

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಬಂದವು. ಅಂದಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಚನ್ನಗಿರಿ ಸೀಮೆಯ ಕಾರಿಗನೂರಿನವರೇ. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯೂ ತಾಲ್ಲೂಕಾಯಿತು. ಪಹಣಿಗೋ ಖಾತೆ ಬದಲಾವಣೆಗೋ ದಿನದ ಕೆಲಸ ಬಿಟ್ಟು ಬಸ್ಸೇರುವ ರೈತನಿಗೆ ಕಚೇರಿ ಹತ್ತಿರವಾದುದು ಸಣ್ಣ ಸಂಗತಿಯೇನಲ್ಲ.

ಆದರೆ ಗಡಿ ಸರಿದಷ್ಟು ಸುಲಭವಾಗಿ ನೀರು ಸರಿಯದು. ಚನ್ನಗಿರಿಗೆ ಸೂಳೆಕೆರೆಯುಂಟು, ಹೊನ್ನಾಳಿಗೆ ತುಂಗಭದ್ರೆಯೇ ನೆರೆಯವಳು, ಮಳೆಗಾಲದಲ್ಲಿ ತುಸು ಅತಿ ಸಲಿಗೆಯ ನೆರೆಯವಳು! ಜಗಳೂರಿಗೆ ಮಾತ್ರ ಮುಗಿಲೇ ಗತಿಯಾಗಿತ್ತು. ಅಲ್ಲಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನೆತ್ತಿ ತುಂಬಿಸುವ ಯೋಜನೆ ರೂಪುಗೊಂಡುದು ಆ ಕಾರಣಕ್ಕೇ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲೂ ಸೆಲೆ ಮೂಡೀತು. ಬೇಸಗೆಯಲ್ಲಿ ಮನೆಗೆ ಬೀಗ ಹಾಕಿ ಗುಳೆ ಹೊರಡುವುದು ತಪ್ಪೀತು.